ಹದಿನಾಲ್ಕು ವರ್ಷದ ಹಿಂದಿನ ಅಳತೆ

ಮತ್ತೆ ದಾರ ಕಿತ್ತುಹೋಯಿತು, ಇದು ಮೂರನೆಯ ಸಲ, ತಪ್ಪು ಮಿಷಿನ್ನಿನದಲ್ಲ, ನನ್ನ ಕಾಲಿನದು, ಪೆಡಲನ್ನು ಅವಸರವಸರವಾಗಿ ತುಳಿಯುತ್ತಿದೆ, ಹನ್ನೊಂದೂವರೆಯ ಬಸ್ಸು ಅಂದಿದ್ದರು, ಇನ್ನಿರುವುದು ಇಪ್ಪತ್ತೇ ನಿಮಿಷ, ಕಾಲರ್ ಕೂರಿಸಬೇಕು, ಗುಂಡಿ ಹಾಕಬೇಕು — ಇಷ್ಟು ವರ್ಷ ಏನು ಮಾಡುತ್ತಿದ್ದೆ ಮಹಾತಾಯಿ, ಗಂಡನಿಗೊಂದು ಅಂಗಿ ಹೊಲಿಯಲು ಹದಿನಾಲ್ಕು ವರ್ಷ ಸಾಲಲಿಲ್ಲವೇ? ಒಳಗಿನಿಂದ ಅತ್ತೆ ಕೂಗುತ್ತಾರೆ, ಬಂದ್ರೇನೇ ನನ್ ಮಕ್ಳು, ಇನ್ನೂ ಇಲ್ಲ ಅತ್ತೆ, ಬಂದ್ರೆ ಕೂಗ್ತೀನಿ, ಸ್ವಲ್ಪ ಮಲಕ್ಕೊಳ್ಳಿ. ಅಳತೆ ಪುಸ್ತಕದ ಇವರ ಪುಟ ಹಳದಿಯಾಗಿದೆ, ಎದೆ ನಲವತ್ತು, ಭುಜ ಹದಿನೆಂಟು, ಮದುವೆಯಾದ ವಾರದಲ್ಲಿ ನಾನೇ ಟೇಪು ಹಿಡಿದದ್ದು, ಕಚಗುಳಿ ಕಣೇ ಬಿಡೇ ಎಂದು ನಕ್ಕಿದ್ದರು, ಆ ನಗು ಕೇಳಿ ಅಕ್ಕ ಬಾಗಿಲ ಹತ್ತಿರ ಗಂಟಲು ಸರಿಮಾಡಿಕೊಂಡಿದ್ದಳು, ನನ್ನ ಒಡಹುಟ್ಟಿದ ಅಕ್ಕ, ಒಂದೇ ದಿನ ಅಣ್ಣತಮ್ಮಂದಿರ ಕೈಹಿಡಿದು ಈ ಮನೆಗೆ ಬಂದವರು ನಾವು. ಆಮೇಲೆ ಮಾವ ತಲೆ ತಗ್ಗಿಸಿ ಭಾವನಿಗೆ ಹೇಳಿದ್ದು, ನಿನ್ನ ಚಿಕ್ಕಮ್ಮಂಗೆ ಮಾತು ಕೊಟ್ಬಿಟ್ಟಿದ್ದೀನಪ್ಪ, ಅಂಗಡಿ ಅವಳ ಮಗನಿಗೆ, ನೀನು ಹದಿನಾಲ್ಕು ವರ್ಷ ಈ ಕಡೆ ತಲೆ ಹಾಕ್ಬೇಡ, ಭಾವ ಚಪ್ಪಲಿ ಮೆಟ್ಟಿದರು, ಅಕ್ಕ ಹಟ ಹಿಡಿದು ಜೊತೆಗೆ ಹೊರಟಳು, ಇವರು ನನ್ನ ಕಡೆ ತಿರುಗಿ, ಅಣ್ಣ ಒಬ್ನೇ ಆಗ್ತಾನೆ, ನೀನು ಅಮ್ಮನ್ನ ನೋಡ್ಕೋ ಅಂದರು — ಒಬ್ಬನೇ ಎಲ್ಲಿ, ಅಕ್ಕ ಇದ್ದಾಳಲ್ಲ, ಒಬ್ಬಳೇ ಆಗುವವಳು ನಾನು ಕಣ್ರೀ! ಅನ್ನುವಷ್ಟರಲ್ಲಿ ಇವರು ಬೀದಿಗಿಳಿದಿದ್ದರು. ಬೀದಿಯಲ್ಲಿ ಆ ಬೆನ್ನು, ಬಲ ಭುಜದಲ್ಲಿ ಭಾವನ ಚೀಲ, ಎಡ ಭುಜದಲ್ಲಿ ಅಕ್ಕನ ಚೀಲ, ತಮ್ಮದೇ ಚೀಲ ಮಾತ್ರ ಇಲ್ಲೇ ಮರೆತಿದ್ದರು, ತೆಗೆದುಕೊಂಡು ಹೋಗಲಾದರೂ ಬರುತ್ತಾರೆಂದು ವಾರವಿಡೀ ಬಾಗಿಲಲ್ಲಿ ಕೂತಿದ್ದೆ, ದಡ್ಡಿ.

ಗುಂಡಿ ಒಂದು, ಎರಡು — ಸೂಜಿ ಬೆರಳಿಗೆ ಚುಚ್ಚಿತು, ಥೂ, ಅಂಗಿಗೆ ರಕ್ತ ಆಗಬಾರದು. ಫೋನಿನಲ್ಲಿ ಯಾವಾಗಲೂ ಇವರದು ಒಂದೇ ಪಾಠ, ಅಣ್ಣ ಚೆನ್ನಾಗಿದ್ದಾನೆ, ಅತ್ತಿಗೆ ಚೆನ್ನಾಗಿದ್ದಾರೆ, ಅಮ್ಮ ಹೇಗಿದ್ದಾಳೆ, ಫೋನ್ ಇಡಲಾ, ಆ ಇಡಲಾ ಅನ್ನುವುದಕ್ಕೆ ಮುಂಚೆ ನೀನು ಹೇಗಿದ್ದೀಯ ಅಂತ ಒಂದು ಮಾತು ಬರುತ್ತದೆಂದು ಎಷ್ಟು ಸಲ ಉಸಿರು ಹಿಡಿದೆನೋ, ಇವತ್ತು ಎದುರಿಗೆ ನಿಂತು ಕೇಳಿಬಿಟ್ಟರೆ ಸಾಕು, ಇನ್ನೇನೂ ಬೇಡ. ಕನ್ನಡಕ ತೆಗೆದುಬಿಡಲಾ, ಗುರುತು ಸಿಗದಿದ್ದರೆ, ತೆಗೆದರೆ ನನಗೇ ಅವರು ಕಾಣುವುದಿಲ್ಲವಲ್ಲ. ಬಾಗಿಲಲ್ಲಿ ಕೆಮ್ಮು — ಬಂದರು, ಅಯ್ಯೋ ಎಷ್ಟು ಇಳಿದುಹೋಗಿದ್ದಾರೆ, ಕೆನ್ನೆಯೇ ಇಲ್ಲ, ಅಮ್ಮ ಎಲ್ಲಿ ಅಂದರು, ಒಳಗಿದ್ದಾರೆ, ತಗೊಳ್ಳಿ, ನಿಮಗೆ ಹೊಲಿದೆ, ಚೀಲ ಇಳಿಸದೆಯೇ ಎದೆಗೆ ಹಿಡಿದು ನೋಡಿದರು, ಭುಜ ಎರಡೂ ಕಡೆ ಎರಡೆರಡು ಬೆರಳು ಹೊರಗೆ, ವರ್ಷಕ್ಕೊಂದು ಸಲ ಹೊಸ ಅಳತೆ ಕೊಡಿ ಎಂದು ಗಿರಾಕಿಗಳಿಗೆಲ್ಲ ಬೈಯುವ ನಾನು ಹಳೆಯ ಪುಟ ನೋಡಿ ಬಟ್ಟೆ ಕತ್ತರಿಸಿದ್ದೆ. ಅವರು ನಕ್ಕರು, ಈಗ ಕೇಳುತ್ತಾರೆ, ಈಗ — ನಂಗೆ ದೊಗಲೆ ಕಣೇ, ಅಣ್ಣಂಗೆ ಸರಿಹೋಗುತ್ತೆ, ಅಣ್ಣಾ, ಇಲ್ನೋಡು ಅನ್ನುತ್ತ ಬೀದಿಯ ಕಡೆ ತಿರುಗಿದರು, ಆ ಬೆನ್ನು, ಬಲ ಭುಜದಲ್ಲಿ ಭಾವನ ಚೀಲ, ಎಡ ಭುಜದಲ್ಲಿ ಅಕ್ಕನ ಚೀಲ