ಉಡಿಯೊಡ್ಡುವ ದೃಶ್ಯ

“ತಡೀರಿ! ಅಮ್ಮಾ, ಉಡಿ ಒಡ್ಡುವಾಗ ಮುಖದಲ್ಲಿ ಹಸಿವು ಕಾಣ್ತಾ ಇಲ್ಲ,” ಎಂದರು ಕ್ಯಾಮೆರಾ ಪಕ್ಕ ನಿಂತಿದ್ದ, ಶಿಬಿರ ನಡೆಸಲು ಬಂದಿದ್ದ ಬೆಂಗಳೂರಿನ ಮೇಷ್ಟ್ರು.

“ಹಸಿವಿ ಎಲ್ಲಿಂದ ಬರಬೇಕ್ರಿ? ಗೌಡ್ರ ಎಂಜಲಾ ನೋಡಿ ನೋಡಿ ಹೊಟ್ಟಿ ತೊಳಸಾಕತ್ತೈತಿ,” ಎಂದಳು ದುರಗಮ್ಮ.

ಶಿಬಿರದವರೆಲ್ಲ ನಕ್ಕರು. ಥರ್ಮಾಕೋಲ್ ಹಲಗೆ ಹಿಡಿದು ಅವಳ ಮುಖಕ್ಕೆ ಬಿಸಿಲು ಬೀಳಿಸುತ್ತಿದ್ದ ದೇವಿಂದ್ರ ನಗಲಿಲ್ಲ. ದುರಗಮ್ಮ ಅವನ ಚಿಗವ್ವ. ಕಾಲುವೆ ನೀರಿನ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದವಳನ್ನು ಗೌಡನ ಆಳು ಎಬ್ಬಿಸಿಕೊಂಡು ಬಂದಿದ್ದ. “ಒರಿಜಿನಲ್ ಕೆಸರು, ಕಾಲು ತೊಳೀಬೇಡಿ” ಎಂದಿದ್ದರು ಮೇಷ್ಟ್ರು.

ನಾಟಕ, ಟೀವಿಗಳಿಗೆ ನಿರ್ದೇಶಕರನ್ನು ತಯಾರು ಮಾಡುವ ಶಿಬಿರ ಸುರಪುರದಲ್ಲಿ ನಡೆದಿತ್ತು. ಕೊನೆಯ ಪರೀಕ್ಷೆಗೆ ಹಣಮಂತ್ರಾಯಗೌಡನ ವಾಡೆ. ದೃಶ್ಯ ಎಲ್ಲರಿಗೂ ಒಂದೇ: ಗೌಡ ಉಂಡು ಮಿಕ್ಕಿದ್ದನ್ನು ಕೂಲಿ ಹೆಂಗಸಿನ ಉಡಿಗೆ ಸುರಿಯುವುದು. ಕಲಿಯುವವರು ಸರದಿಯ ಮೇಲೆ ಅದನ್ನೇ ತಮ್ಮ ತಮ್ಮ ಕಲ್ಪನೆಯಂತೆ ಮಾಡಿಸಬೇಕು. ಗೌಡನ ಪಾತ್ರಕ್ಕೆ ಗೌಡನೇ ಕಟ್ಟೆಯ ಗಾದಿಯ ಮೇಲೆ ಕೂತಿದ್ದ. ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾಟಿನಲ್ಲೇ ಕೈ ತೊಳೆದ, ಬಾಯಿ ಮುಕ್ಕಳಿಸಿ ಅದರಲ್ಲೇ ಉಗುಳಿದ, ಅನ್ನ, ಪಲ್ಯ, ಕಫ ಎಲ್ಲ ಒಂದಾದ ಆ ರಾಡಿಯನ್ನು ದುರಗಮ್ಮನ ಉಡಿಗೆ ಸುರಿದ.

“ಹಿಡಿಯೇ ಸೂಳಿ, ಚೆಲ್ಲೀತು!”

ಒಬ್ಬ ತನ್ನ ಸರದಿಯಲ್ಲಿ ಎರಡೆರಡು ಸಲ ಉಗುಳಿಸಿದ. ಮೇಷ್ಟ್ರು “ಭಲೇ, ಇದು ಕಲ್ಪನೆ!” ಎಂದು ಅವನ ಬೆನ್ನು ತಟ್ಟಿದರು. ದುರಗಮ್ಮನ ಸೀರೆಗೆ ನೊಣ ಮುತ್ತಿದವು.

“ದೇವಿಂದ್ರ, ಈಗ ನೀನು. ನಿಮ್ಮದೇ ಬದುಕು, ಚೆನ್ನಾಗಿ ಬರುತ್ತೆ. ಪಾಸಾದರೆ ನಿರ್ದೇಶಕ. ಇಲ್ಲದಿದ್ದರೆ ಹಲಗೆ ಇದ್ದೇ ಇದೆ.”

ಶಿಬಿರ ಶುರುವಾದಂದಿನಿಂದ ಹಲಗೆ ಹಿಡಿದುಕೊಂಡೇ ಕಾದ ಸರದಿ ಅದು. ದುರಗಮ್ಮ ಸೆರಗು ಹಿಂಡಿ ಮತ್ತೆ ಉಡಿ ಒಡ್ಡಿದಳು.

“ಲಗೂನ ಮುಗಸಪ್ಪ. ನೀನೂ ಒಮ್ಮಿ ಸುರಿಸಿಬಿಡು.”

ದೇವಿಂದ್ರ ಹಲಗೆಯನ್ನು ಗೋಡೆಗೆ ಆನಿಸಿ ಮುಂದೆ ಬಂದ.

“ಚಿಗವ್ವ, ನೀ ಕಟ್ಟಿ ಮ್ಯಾಲ ಕೂಡು. ತಾಟು ಕೈಯಾಗ ತೊಗೊ. ಗೌಡ್ರು ಕೆಳಗ ಬರ್ರಿ, ಟಾವೆಲ್ ಒಡ್ಡ್ರಿ. ಆಕ್ಷನ್!”

“ಏನಂದ್ಯಲೇ ಹೊಲ್ಯಾ?”

“ಏನೋ ಇದು!” ಮೇಷ್ಟ್ರ ದನಿ ಏರಿತು.

“ಇದು ನನ್ನ ಕಲ್ಪನಾ ಐತ್ರಿ, ಸರ್.”

ದುರಗಮ್ಮ ಅವನನ್ನೊಮ್ಮೆ, ಗೌಡನನ್ನೊಮ್ಮೆ ನೋಡಿದಳು. ಕೆಸರುಗಾಲಲ್ಲೇ ಕಟ್ಟೆ ಹತ್ತಿ ಗಾದಿಯ ಮೇಲೆ ಕೂತಳು. ಗೌಡ ಧಡಕ್ಕನೆ ಎದ್ದು ಕಾಲಿನ ಕೆರ ಕಳಚಿ ಕೈಗೆ ತೆಗೆದುಕೊಂಡ.

“ಕ್ಯಾಮೆರಾ ಆಫ್ ಮಾಡ್ರೀ!” ಎಂದು ಕೂಗಿದರು ಮೇಷ್ಟ್ರು.

ಯಾದಗಿರಿಯಲ್ಲಿ ಮದುವೆ ಶೂಟಿಂಗ್ ಮಾಡುವ ಮನ್ಸೂರಅಲಿ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. “ಡೈರೆಕ್ಟರ್ ಕಟ್ ಅನ್ನೂತನಕ ಬಂದ್ ಮಾಡಬ್ಯಾಡ ಅಂದವ್ರು ನೀವೇ ಅಲ್ಲೇನ್ರಿ ಸಾಬ್?”

“ಕಟ್ ಅನ್ನೋ ದೇವಿಂದ್ರ! ಪಾಸಾಗೋದು ಬೇಡವೇನೋ?”

ದೇವಿಂದ್ರ ಓಡಿ ಹೋಗಿ ಗೌಡನಿಗೂ ಚಿಗವ್ವನಿಗೂ ನಡುವೆ ನಿಂತ.

“ಮನ್ಸೂರಣ್ಣ, ಇನ್ನೂ ಹತ್ರ ಬಾ. ಗೌಡ್ರ ಕೈಯಾಗಿನ ಕೆರ ಪೂರಾ ಬರ್ಲಿ.”