ಹೇಳುವ ಕೆಲಸ ಯಾರದು

ಅಂಜುಮ, ತೀರಿಕೊಂಡ ತಾಯಿಯ ಮೈಮೇಲೆ ಕೊನೆಯ ತಂಬಿಗೆ ನೀರು ಹಾಕುತ್ತಿದ್ದಾಗ ಪರದೆಯ ಆಚೆ ಅಣ್ಣ ಉಮರ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು.

“ಆಪರೇಶನ್ ಮಾಡ್ಸಿದ್ರ ಅಮ್ಮ ಇವತ್ತ ಇರ್ತಿದ್ಲು. ನನ್ನ ತಂಗಿನ ಬ್ಯಾಡ ಅಂದಾಕಿ.”

ಅವಳು ತಂಬಿಗೆ ಕೆಳಗಿಟ್ಟಳು. ನರಗುಂದದ ಅರ್ಧ ಊರಿಗೆ ಚುರಮುರಿ ಹುರಿದು ಕೊಟ್ಟ ತಾಯಿ ಮದರಬಿ ಹಲಗೆಯ ಮೇಲೆ ತಣ್ಣಗೆ ಮಲಗಿದ್ದಳು. ಅಣ್ಣ ಹೇಳಿದ್ದು ಸುಳ್ಳೆನ್ನುವ ಧೈರ್ಯ ಅಂಜುಮಳಿಗೂ ಇರಲಿಲ್ಲ. ಒಂದೂವರೆ ವರ್ಷದಿಂದ ಆ ‘ಬ್ಯಾಡ’ ಅವಳ ಎದೆ ಕೊರೆಯುತ್ತಿತ್ತು.

*

ಒಂದೂವರೆ ವರ್ಷದ ಹಿಂದೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಮದರಬಿಯ ಕ್ಯಾನ್ಸರಿಗೆ ಒಬ್ಬ ಡಾಕ್ಟರು ಕೊಯ್ಯಬೇಕೆಂದರು, ಇನ್ನೊಬ್ಬರು ಔಷಧಿ ಸಾಕೆಂದರು, ಮತ್ತೊಬ್ಬರು ಕರೆಂಟು ಕೊಡಬೇಕೆಂದರು. ತಾಯಿ ಮಗಳಿಗೆ ತಲೆ ಚಿಟ್ಟು ಹಿಡಿಯಿತು. ಕಡೆಗೆ ಡಾಕ್ಟರುಗಳೆಲ್ಲ ಒಂದೇ ಮೇಜಿಗೆ ಕೂತು ಮಾತಾಡುವ ದಿನ ಬಂತು. ಆ ಮೀಟಿಂಗಿಗೆ ಒಳಗೆ ಹೋಗುವ ಮುನ್ನ ವಾರ್ಡಿನ ಸಿಸ್ಟರ್ ಶೇಖವ್ವ ಅಂಜುಮಳನ್ನು ಕೇಳಿದರು:

“ನಿಮ್ಮ ಅಮ್ಮಗ ಏನ ಬೇಕಂತವಾ?”

“ಚುರಮುರಿ ಭಟ್ಟಿ ಮುಂದ ಕೂಡಬೇಕಂತ್ರಿ. ಕೊಯ್ಸೂದು ಬ್ಯಾಡಂತ.”

ಅರ್ಧ ತಾಸಿಗೆ ಒಬ್ಬ ಎಳೆಯ ಡಾಕ್ಟರು ಬಂದು ಕಾರಣ ಹೇಳದೆ ಔಷಧಿ ಚೀಟಿ ಕೈಗಿಟ್ಟು ಹೋದರು. ತನ್ನ ಮಾತಿಗೇ ಆಪರೇಶನ್ ನಿಂತಿತೆಂದು ಅಂಜುಮ ತಿಳಿದಳು. ಮದರಬಿಗೆ ಆ ಚಿಂತೆಯೇ ಇರಲಿಲ್ಲ. ಕಳೆದ ತಿಂಗಳವರೆಗೂ ಭಟ್ಟಿಯ ಮುಂದೆ ಕೂತು, ಗಿರಾಕಿಗಳನ್ನೂ ಮಗಳನ್ನೂ ಸರಿಸಮ ಬೈಯುತ್ತ ಚುರಮುರಿ ಹುರಿದಳು.

*

ತಾಯಿಯ ಮಯ್ಯತ್ ಮಣ್ಣಿಗೆ ಎತ್ತುವ ಮುನ್ನ ಶೇಖವ್ವ ಬಂದರು. ರಜೆಗೆಂದು ರೋಣಕ್ಕೆ ಬಂದವರು ಸುದ್ದಿ ಕೇಳಿ ಬಸ್ಸು ಹಿಡಿದಿದ್ದರು. ಉಮರ ಅವರ ಮುಂದೆಯೂ ಅದೇ ರಾಗ ತೆಗೆದ.

“ಹಂಗ ಅನಬ್ಯಾಡ್ರಿ,” ಎಂದರು ಶೇಖವ್ವ. “ಆ ಮೀಟಿಂಗಿನ್ಯಾಗ ನಾನೂ ಇದ್ದೆ. ಸ್ಕ್ಯಾನಿಂಗ್ ನೋಡಿ ಕೊಯ್ಯೂ ಡಾಕ್ಟರ ತಾವ ಅಂದ್ರು, ಜಡ್ಡು ಭಾಳ ಹಬ್ಬೇತಿ, ಕೊಯ್ದ್ರ ಈಕಿ ಎದ್ದು ಬರೂದಿಲ್ಲಂತ. ಉಳಿದ ಡಾಕ್ಟರೆಲ್ಲ ಹೂಂ ಅಂದ್ರು. ನಿಮ್ಮ ತಂಗಿ ಮಾತು ನಾ ಹೇಳಿದ್ದ ಆಮ್ಯಾಲೆ.”

“ಮತ್ತ ನಮಗ್ಯಾಕ ಹೇಳ್ಲಿಲ್ರಿ?” ಉಮರನ ದನಿ ಇಳಿದಿತ್ತು.

“ಅದು ನಮ್ಮ ತಪ್ಪು. ನಾ ಹೇಳೀನಂತ ಡಾಕ್ಟರು ತಿಳಕೊಂಡ್ರು, ಅವರು ಹೇಳ್ಯಾರಂತ ನಾ ತಿಳಕೊಂಡೆ. ಈಗ ಮನಿಯವ್ರಿಗೆ ಹೇಳಾವ್ರು ಯಾರಂತ ಹೆಸರು ಬರದ ಮ್ಯಾಲೆ ಮೀಟಿಂಗ್ ಬಿಟ್ಟು ಏಳ್ತೀವಿ.”

ಅಂಜುಮ ಗೋಡೆಗೆ ಒರಗಿ ಕೂತಳು. ಎದೆಯ ಮೇಲಿನ ಭಾರ ಇಳಿದಂತಾಗಿ, ತಾಯಿಗಾಗಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಆ ಅಳುವಿನಲ್ಲಿ ತಪ್ಪಿನ ಅಳುಕು ಇರಲಿಲ್ಲ.

ಮಣ್ಣು ಮುಗಿಸಿ ಗಂಡಸರು ಮರಳಿದಾಗ ನೆರೆಮನೆಯ ಅಡಿವೆವ್ವ ಅನ್ನ ಸಾರು ತಂದಿಟ್ಟಿದ್ದಳು. ನಿನ್ನೆಯಿಂದ ಅಂಜುಮ ಒಂದಗುಳು ಮುಟ್ಟಿರಲಿಲ್ಲ. ಉಮರ ಕೈ ತೊಳೆದು ಬಂದು, ಯಾರ ಮುಖವನ್ನೂ ನೋಡದೆ ತಂಗಿಯ ತಾಟಿಗೆ ತಾನೇ ಅನ್ನ ಬಡಿಸಿದ.

ಅವಳು ಗಬಗಬ ಉಂಡಳು. ಮುಗಿದ ಮೇಲೆ ಖಾಲಿ ತಾಟನ್ನು ಮತ್ತೆ ಅಣ್ಣನ ಮುಂದೆ ಚಾಚಿದಳು.