ಹೊಂಗೆ ಮರದಡಿಯ ಹರಿಗೋಲು

ಕೆಂಪಾಜಮ್ಮ ಪೊರಕೆಯ ಹಿಡಿಯನ್ನು ಕೊಟ್ಟಿಗೆಯ ಗೂಡಿನೊಳಗೆ ತೂರಿಸಿ ಗಂಡನ ತಟ್ಟೆಯನ್ನು ಕೆಳಕ್ಕೆ ಬೀಳಿಸಿದಳು. ಅಲ್ಯುಮಿನಿಯಂ ತಟ್ಟೆ ಚಪ್ಪಡಿಯ ಮೇಲೆ ಸದ್ದು ಮಾಡಿ ಬಿದ್ದು, ಅಂಚಿನ ಮೇಲೆ ಉರುಳಿ, ಗಂಜಲದ ಕಾಲುವೆಯ ಹತ್ತಿರ ಮಗುಚಿಕೊಂಡಿತು. ಅದನ್ನು ಕೈಯಿಂದ ಮುಟ್ಟದೆ ಪೊರಕೆಯಿಂದಲೇ ತಳ್ಳಿಕೊಂಡು ಅಂಗಳಕ್ಕೆ ತಂದು, ಅವನ ಚಾಪೆ, ದುಪ್ಪಟಿ, ಎರಡು ಅಂಗಿಗಳ ಪಕ್ಕಕ್ಕೆ ಬಿಟ್ಟಳು.

"ಇಷ್ಟೇಯಾ ಅತ್ಗೆ?" ಎಂದ ಮೈದುನ ನಾಗಯ್ಯ, ಗಂಟು ಕಟ್ಟಲು ಹಳೆಯ ಪಂಚೆ ಹಾಸುತ್ತ.

"ಚೊಂಬೊಂದದೆ, ಅದ್ನೂ ಆಕು. ಗುಂಡಿ ಮೇಲೆ ಎಲ್ಲಾನೂ ಬಿಸಾಕ್ಬುಟ್ಟು ಬನ್ನಿ. ಅವ್ರು ಮುಟ್ಟಿದ್ದು ಒಂದೂ ಈ ಮನೇಲಿ ಇರಕೂಡ್ದು."

ಗಂಡ ಬೋರಯ್ಯ ಜಗಲಿಯ ಮೇಲೆ ಮಲಗಿದ್ದ. ಹಿಂದಿನ ದಿನ ಸಂಜೆ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಬೆಳಿಗ್ಗೆ ಅವನ ಹಳೆಯ ಜೊತೆಗಾರ ಚಿಕ್ಕಮಾದು ಒಬ್ಬನೇ ಮೈ ತಿಕ್ಕಿ ಮೀಯಿಸಿದ್ದ. ತಮ್ಮನಾದ ನಾಗಯ್ಯ ಮಾರು ದೂರ ನಿಂತು ಬಕೆಟ್ಟಿನಿಂದ ನೀರು ಎರಚಿದ್ದ. ಊದುಬತ್ತಿಯದು ಬಿಟ್ಟರೆ ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ಆದರೂ ಮಣ್ಣಿಗೆ ಬಂದವರೆಲ್ಲ ಅಂಗಳದ ಆಚೆ ಗೋಡೆಗೆ ಒತ್ತಿ ಕುಳಿತಿದ್ದರು. ಬದುಕಿದ್ದಾಗಲೂ ಬೋರಯ್ಯ ಎದುರು ಬಂದರೆ ಗಂಡಸರು ಬೀಡಿ ಹಚ್ಚುತ್ತಿದ್ದರು, ಹೆಂಗಸರು ಸೆರಗನ್ನು ಮೂಗಿಗೆ ತರುತ್ತಿದ್ದರು. ಆ ಅಭ್ಯಾಸ ಇವತ್ತೂ ಬಿಟ್ಟಿರಲಿಲ್ಲ. ನರಸೀಪುರದಿಂದ ಬಂದಿದ್ದ ಮಗಳು ರಾಣಿ ಕೂಡ ಅತ್ತಿದ್ದೆಲ್ಲ ಬಾಗಿಲ ಒಳಗೆ ನಿಂತೇ.

"ಸೇತ್ವೆ ಇಲ್ದಿದ್ ಕಾಲ್ದಲ್ಲಿ ಏನ್ ಗತ್ತು ಇವ್ನಿಗೆ!" ಚಿಕ್ಕಮಾದು ಯಾರಿಗೋ ಹೇಳುತ್ತಿದ್ದ. "ಒಂದ್ಸಲ ಇವ್ನ ಅರಿಗೋಲಲ್ಲಿ ಮದ್ವೆ ಗಂಡು ನಡುನೀರಲ್ಲಿ ಎದ್ದು ನಿಂತ್ಬುಟ. 'ಕೂತ್ಗಳಪ್ಪ, ನೀನಿನ್ನೂ ತಾಳಿ ಕಟ್ಟಿಲ್ಲ, ನಾನು ಎಣ್ಣಿಗೆ ಬದ್ಲಿ ಗಂಡು ಎಲ್ಲಿ ತರ್ಲಿ' ಅಂದ."

ಗೋಡೆಯ ಕಡೆಯಿಂದ ಸಣ್ಣ ನಗು ಎದ್ದು ಅಲ್ಲೇ ಅಡಗಿತು.

ತೊರೆಕೊಪ್ಪಲಿನ ಅಂಬಿಗರ ಮಸಣ ಕಪಿಲೆಯ ಆಚೆ ದಡದಲ್ಲಿತ್ತು. ಸೇತುವೆ ಬಳಸಿ ಹೋದರೆ ಏಳು ಕಿಲೋಮೀಟರು. ಗುಂಡಿ ತೋಡುವವರು ಆಗಲೇ ಹೋಗಿದ್ದರು. ಹತ್ತು ಗಂಟೆಗೆ ಚೆಲುವಯ್ಯನ ಟೆಂಪೋ ಬರಬೇಕಾಗಿತ್ತು.

*

ಬೋರಯ್ಯನಿಗೆ ಎರಡು ಹರಿಗೋಲುಗಳಿದ್ದವು. ಒಂದು ಜನರದು. ಬಿದಿರ ದಬ್ಬೆಯ ಬುಟ್ಟಿಗೆ ಎಮ್ಮೆ ತೊಗಲು ಹೊದಿಸಿ ಅವನಪ್ಪ ಕಟ್ಟಿದ್ದು. ಶಾಲೆಯ ಮೇಷ್ಟ್ರು, ಬಸುರಿ ಹೆಂಗಸರು, ಆಡು, ರಾಗಿ ಮೂಟೆ, ಎಲ್ಲ ಅದರಲ್ಲೇ ದಾಟುತ್ತಿದ್ದವು. ಇನ್ನೊಂದು ಚಿಕ್ಕದು, ಟಾರ್ಪಾಲಿಗೆ ಡಾಂಬರು ಬಳಿದದ್ದು. ನಂಜನಗೂಡಿನಲ್ಲಿ ಮೀಯಲು ಇಳಿದು ಮುಳುಗಿದವರು ನಾಲ್ಕೈದು ದಿನಕ್ಕೆ ಈ ಊರಿನ ತಿರುವಿನ ಜೊಂಡಿಗೆ ಬಂದು ಸಿಕ್ಕಿಕೊಳ್ಳುತ್ತಿದ್ದರು. ಅವರನ್ನು ತರುವುದು ಈ ಎರಡನೆಯದರಲ್ಲಿ. ಅದು ಊರಿನಿಂದ ಆಚೆ, ಹೊಂಗೆ ಮರದ ಕೆಳಗೆ ಮಗುಚಿಕೊಂಡಿರುತ್ತಿತ್ತು. ಎರಡನ್ನೂ ಅವನು ಒಂದು ದಿನವೂ ಬೆರೆಸಿದವನಲ್ಲ.

ತೊಂಬತ್ತನಾಲ್ಕರಲ್ಲಿ ಸೇತುವೆಯಾಯಿತು. ಮೊದಲ ಹರಿಗೋಲು ಒಂದೇ ಮಳೆಗಾಲದಲ್ಲಿ ಕೊಳೆತು ನಾಯಿಗಳ ಪಾಲಾಯಿತು. ಎರಡನೆಯದು ಉಳಿಯಿತು. ಸೇತುವೆ ಬಂದಮೇಲೂ ಜನ ಮುಳುಗುತ್ತಲೇ ಇದ್ದರು.

ಅದೇ ವರ್ಷ ಒಂದು ಮಧ್ಯಾಹ್ನ ಹೆಣವೊಂದನ್ನು ದಡ ಸೇರಿಸಿದ ಮೇಲೆ ಅವನು ಮೂರು ಸಲ ಮಿಂದು, ಹುಣಸೆಹಣ್ಣು ಹಾಕಿ ಕೈ ತಿಕ್ಕಿಕೊಂಡು ಬಂದು ಊಟಕ್ಕೆ ಕುಳಿತ. ಏಳು ವರ್ಷದ ರಾಣಿ ಪಕ್ಕದಲ್ಲಿದ್ದಳು. ಅವನು ಮುದ್ದೆಯ ತುತ್ತೊಂದನ್ನು ಸಾರಿನಲ್ಲಿ ಅದ್ದಿ ಮಗಳ ಬಾಯಿಗಿಟ್ಟ. ಕೆಂಪಾಜಮ್ಮನ ಕಣ್ಣು ಅವನ ಉಗುರಿನ ಮೇಲೆ ಬಿತ್ತು. ಉಗುರ ಸಂದಿಯಲ್ಲಿ ಬೆಳ್ಳಗೆ ಏನೋ ಇತ್ತು. ಅದು ಸೋಪಾಗಿರಬಹುದು. ಅವಳು ಎದ್ದು ಹಿತ್ತಲಿಗೆ ಓಡಿ ತಿಂದದ್ದನ್ನೆಲ್ಲ ಕಾರಿಕೊಂಡಳು. ವಾಪಸು ಬಂದವಳು ಮಗುವಿನ ಬಾಯೊಳಗೆ ಬೆರಳಿಟ್ಟು ತುತ್ತನ್ನು ಕಕ್ಕಿಸಿದಳು.

"ಇವತ್ತಿಂದ ಕೊಟ್ಗೇಲಿ ಉಣ್ಣಿ. ತಟ್ಟೆನೂ ಬ್ಯಾರೆ. ಗುರ್ತಿರ್ಲಿ ಅದುಕ್ಕೆ, ನನ್ ಮಕ್ಳ ತಟ್ಟೇಲಿ ಬೆರ್ತೋಗಬಾರ್ದು."

ಬೋರಯ್ಯ ಜಗಳವಾಡಲಿಲ್ಲ. ಅಂಚಿಗೆ ತೂತು ಹೊಡೆದು ಗುರುತು ಮಾಡೋಣವೆಂದು ಮೊಳೆ ಇಟ್ಟು ಕಲ್ಲಿನಿಂದ ಕುಟ್ಟಿದ. ಮೊಳೆ ಜಾರಿ ತೂತು ತಟ್ಟೆಯ ತಳದ ಹತ್ತಿರ ಬಿತ್ತು. "ಆಗ್ಲಿ ಬುಡು, ಗುರ್ತು ಗುರ್ತೇಯ," ಎಂದ. ಅಂದಿನಿಂದ ಹನ್ನೊಂದು ವರ್ಷ ಕೆಂಪಾಜಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ತಟ್ಟೆಗೆ ಸೌಟು ತಾಗದಂತೆ ಮೇಲಿನಿಂದ ಬಡಿಸುತ್ತಿದ್ದಳು. ಬಡಿಸಿ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು.

*

ಹತ್ತು ಗಂಟೆಗೆ ಚೆಲುವಯ್ಯ ಬಂದ. ಆದರೆ ಬಂದದ್ದು ಬೈಕಿನಲ್ಲಿ. ಅಂಗಳಕ್ಕೆ ಕಾಲಿಡದೆ ಬೇಲಿಯ ಹತ್ತಿರ ನಿಂತು ಕರ್ಚೀಫು ಮೂಗಿಗೆ ಹಿಡಿದುಕೊಂಡ.

"ನಾಗಯ್ಯ, ಒಸಿ ಬಾಪ್ಪ ಈ ಕಡೆ."

"ಟೆಂಪೋ ಎಲ್ಲಪ್ಪಾ?"

"ಅದುನ್ನೇ ಯೋಳನ ಅಂತ ಬಂದೆ. ನಾಳೆ ಬೆಳಿಗ್ಗೆ ಅದ್ರಲ್ಲಿ ಟೊಮೊಟೊ ಮೈಸೂರ್ಗೆ ಓಗ್ಬೇಕು. ಬ್ಯಾರೆ ಯಾರಾರ ಆಗಿದ್ರೆ ಈ ಮಾತ್ ಆಡ್ತಿರ್ನಿಲ್ಲ ಕನ. ಇವ್ನು... ನಿಂಗೇ ಗೊತ್ತಲ್ಲ."

"ಏನ್ ಗೊತ್ತು?"

"ಇದು ಒಂದ್ ಎಣ ಅಲ್ಲ ಕನಪ್ಪ. ಎಷ್ಟ್ ಎಣದ್ದು ಆ ಮೈಗೆ ಅಂಟ್ಕಂಡದೆ? ತಿನ್ನೋ ಪದಾರ್ತ ತುಂಬೋ ಗಾಡಿ ಅದು."

"ಮೀಯ್ಸಿದ್ದೀವಿ ಕನಪ್ಪ."

"ಮೀಯ್ಸುದ್ರೆ ಓದದಾ? ಕಟ್ಕಂಡ್ ಎಡ್ತೀನೇ ಒಳೀಕೆ ಸೇರ್ಸ್ತಿರ್ನಿಲ್ಲ. ಊರ್ಗೆಲ್ಲ ಗೊತ್ತಿರೋ ಇಸ್ಯ. ನಾನ್ ಎಂಗೆ ಗಾಡಿಗೆ ಸೇರ್ಸ್ಲಿ, ನೀನೇ ಯೋಳು."

ಗೋಡೆಗೆ ಒತ್ತಿ ಕುಳಿತವರೆಲ್ಲ ಕೆಂಪಾಜಮ್ಮನನ್ನು ನೋಡಿದರು. ಅವಳ ಕೈಯಲ್ಲಿ ಇನ್ನೂ ಪೊರಕೆ ಇತ್ತು. ಅದನ್ನು ಗೋಡೆಗೆ ಒರಗಿಸಿ ಬೇಲಿಯ ತನಕ ನಡೆದು ಬಂದಳು.

"ಚೆಲುವಯ್ಯ, ನಿನ್ ತಮ್ಮನ್ನ ಯಾವ್ ಟೆಂಪೋದಲ್ಲಿ ತಂದ್ರಪ್ಪ?"

"ಅಕ್ಕ, ಆ ಮಾತ್ಯಾಕೆ ಈಗ."

"ಯಾವ್ದ್ರಲ್ಲಿ?"

ಚೆಲುವಯ್ಯ ಬೈಕಿನ ಕನ್ನಡಿ ಸರಿಪಡಿಸಿಕೊಳ್ಳತೊಡಗಿದ.

*

ತೊಂಬತ್ತೆಂಟರ ಬೇಸಿಗೆ. ಚೆಲುವಯ್ಯನ ತಮ್ಮ ರಾಜು ನೀರಿಗೆ ಬಿದ್ದು ಐದು ದಿನವಾಗಿತ್ತು. ಅವತ್ತು ಕೆಂಪಾಜಮ್ಮ ಗಂಡನಿಗೆ ಮುದ್ದೆ ತಂದು ದಡದ ಕಲ್ಲಿನ ಮೇಲಿಟ್ಟು ದೂರ ನಿಂತಿದ್ದಳು. ದಡದ ತುಂಬ ಜನ. ಗಾಳಿ ಅವರ ಕಡೆ ಬೀಸಿದಾಗೆಲ್ಲ ಹಿಂದಕ್ಕೆ ಸರಿಯುವರು.

ಬೋರಯ್ಯ ಜೊಂಡಿನೊಳಗೆ ಎದೆಮಟ್ಟ ಇಳಿದು ಹೆಣವನ್ನು ಎರಡೂ ತೋಳಲ್ಲಿ ಅಪ್ಪಿ ಎತ್ತಿಕೊಂಡ. ಊದಿದ ಮೈಯ ಚರ್ಮ ಅವನ ಭುಜಕ್ಕೆ ಅಂಟಿ ಬಂತು. ಹರಿಗೋಲು ಓಲಾಡಿದಾಗ, ಬದುಕಿದ್ದ ಜನರಿಗೆ ಹೇಳುತ್ತಿದ್ದ ಹಾಗೆಯೇ, "ನಡುಕ್ಕೆ ಬಾರಪ್ಪ, ನಡುಕ್ಕೆ ಬಾ, ಅಂಚಲ್ಲಿ ಕೂರಬ್ಯಾಡ," ಎಂದ. ನಡುನೀರಿನಲ್ಲಿ ಹುಟ್ಟು ನಿಲ್ಲಿಸಿದ. ತನ್ನ ಟವೆಲು ಅದ್ದಿ ಆ ಮುಖ ಒರೆಸಿದ. ಮೀನು ತಿಂದಿದ್ದ ಎಡಗೆನ್ನೆಯ ಮೇಲೆ ಟವೆಲು ಮುಚ್ಚಿದ. ಆಮೇಲೆ ಹರಿಗೋಲನ್ನು ಅರ್ಧ ಸುತ್ತು ತಿರುಗಿಸಿ, ಚೆನ್ನಾಗಿ ಉಳಿದಿದ್ದ ಬಲಗೆನ್ನೆ ದಡದ ಕಡೆಗೆ ಕಾಣುವಂತೆ ತಂದ.

"ಮಲ್ಗಿದಂಗವ್ನಲ್ಲಪ್ಪೋ," ಎಂದು ಚೆಲುವಯ್ಯ ಎದೆ ಬಡಿದುಕೊಂಡ. ಅತ್ತು ಮುಗಿದ ಮೇಲೆ ಒಂದು ಹೊಸ ಟವೆಲು, ಎರಡು ಸಾರಾಯಿ ಪ್ಯಾಕೆಟ್ಟು ತಂದು, ಕೈಗೆ ಕೊಡದೆ ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಕೆಂಪಾಜಮ್ಮನಿಗೆ ಹೇಸಿಗೆ ಹುಟ್ಟಿಸಿದ್ದು ಅಂಟಿದ ಚರ್ಮಕ್ಕಿಂತ ಹೆಚ್ಚಾಗಿ ಆ ಮಾತು. "ಅದ್ರ ಜೊತೆ ಮಾತಾಡ್ತೀರಲ್ಲ, ಥೂ!" ಎಂದಿದ್ದಳು.

"ಅರಿಗೋಲು ಅತ್ತಿದೋರ್ಗೆ ಯೋಳ್ದೆ ಇನ್ಯಾರ್ಗ್ ಯೋಳ್ಲಿ?" ಎಂದಿದ್ದ ಅವನು, ಕಲ್ಲಿನ ಮೇಲಿನ ತಣ್ಣನೆಯ ಮುದ್ದೆ ಮುರಿಯುತ್ತ.

*

"ಮಾದಣ್ಣ," ಎಂದಳು ಕೆಂಪಾಜಮ್ಮ ಚಿಕ್ಕಮಾದುವಿನ ಕಡೆ ತಿರುಗಿ, "ಆ ಅರಿಗೋಲು ಇಳ್ಸು."

"ಅದ್ರಲ್ಲಾ?" ನಾಗಯ್ಯ ಹೌಹಾರಿದ. "ಇಸ್ಸಿ, ಅದ್ರಲ್ಲಿ ಯಾರ್ ಅತ್ತಿ ಕೂತ್ಕಂತಾರೆ ಅತ್ಗೆ? ಆಟೋನಾರ ನೋಡ್ಕ ಬತ್ತೀನಿ ತಡೀರಿ."

"ನೋಡ್ಕ ಬಾ. ಅವ್ನೂ ಇದೇ ಯೋಳ್ತನೆ. ನೀವೆಲ್ಲ ಸೇತ್ವೆ ಮೇಲೆ ಬನ್ನಿ. ನಾನ್ ಓಗ್ತೀನಿ."

"ಅವ್ವ, ಬ್ಯಾಡ ಕನವ್ವ," ಎಂದು ರಾಣಿ ಬಾಗಿಲಿನಿಂದಲೇ ಕೂಗಿದಳು.

ಹೊಂಗೆ ಮರದ ಕೆಳಗೆ ಹರಿಗೋಲು ಆರು ತಿಂಗಳಿಂದ ಮಗುಚಿಕೊಂಡೇ ಇತ್ತು. ಎತ್ತಿದಾಗ ಅಡಿಯಿಂದ ಜಿರಲೆಗಳು ಚದುರಿದವು. ಒಳಗಿನ ಟಾರ್ಪಾಲು ಕಪ್ಪಗೆ ಜಿಡ್ಡುಗಟ್ಟಿತ್ತು, ಮಡಿಕೆಗಳಲ್ಲಿ ಬಿರುಕು ಬಿಟ್ಟಿತ್ತು. ನಾಲ್ವರು ಚಟ್ಟವನ್ನು ತಂದು ಅದರೊಳಗೆ ಇಳಿಸಿ, ತಕ್ಷಣ ದಡಕ್ಕೆ ಹಾರಿ ಮರಳಿನಲ್ಲಿ ಕೈ ಉಜ್ಜಿಕೊಂಡರು. ಬಟ್ಟೆಯ ಗಂಟನ್ನು ನಾಗಯ್ಯ ದೂರದಿಂದಲೇ ಎಸೆದ. ಚಿಕ್ಕಮಾದು ಹುಟ್ಟು ಹಿಡಿದ. ಕೆಂಪಾಜಮ್ಮ ಸೀರೆ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು, ಗಂಡನ ಕಾಲಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು.

ನೀರಿನ ಮೇಲೆ ನೊರೆಯಿತ್ತು. ಮೇಲಿನಿಂದ ತೇಲಿ ಬಂದ ಕೊಳೆತ ಹೂವಿನ ಹಾರ, ಭಕ್ತರು ಬಿಚ್ಚಿ ಬಿಟ್ಟ ಬಟ್ಟೆ, ಮುಡಿ ಕೊಟ್ಟ ಕೂದಲಿನ ಉಂಡೆಗಳು ಹರಿಗೋಲಿಗೆ ತಾಗಿ ತಾಗಿ ಹೋಗುತ್ತಿದ್ದವು. ನಡುನೀರು ತಲುಪುವಷ್ಟರಲ್ಲಿ ಅವಳ ಪಾದ ಒದ್ದೆಯಾಯಿತು. ಬಿರುಕಿನಿಂದ ನೀರು ಉಕ್ಕುತ್ತಿತ್ತು. ಅದು ತಳದ ಜಿಡ್ಡನ್ನು ಕದಡಿಕೊಂಡು ಕಂದು ಬಣ್ಣಕ್ಕೆ ತಿರುಗಿ, ಬೋರಯ್ಯನ ಹೊಸ ಪಂಚೆಗೆ ಹತ್ತತೊಡಗಿತು.

"ಎತ್ತಾಕಮ್ಮಿ ನೀರ!" ಚಿಕ್ಕಮಾದು ಕೂಗಿದ. "ಚಿಪ್ಪಿತ್ತಲ್ಲ ಅಲ್ಲಿ?"

ಚಿಪ್ಪು ಇರಲಿಲ್ಲ. ಅವಳು ಗಂಟು ಬಿಚ್ಚಿದಳು. ಮೊದಲು ಕೈಗೆ ಸಿಕ್ಕಿದ್ದು ತಟ್ಟೆ.

ಒಂದು ಕ್ಷಣ ಅದನ್ನು ಹಾಗೆಯೇ ಹಿಡಿದಿದ್ದಳು. ಆಮೇಲೆ ಬಗ್ಗಿ ತಳದ ನೀರನ್ನು ಮೊಗೆದಳು. ಆ ನೀರಿನ ವಾಸನೆ ಮೂಗಿಗೆ ಹೊಡೆಯಿತು. ವಾಕರಿಕೆ ಬಂದು, ಹೊರಗೆ ಬಾಗಿ ಉಗಿದು, ಮತ್ತೆ ಮೊಗೆದಳು. ಎತ್ತುವಷ್ಟರಲ್ಲಿ ಅರ್ಧ ನೀರು ತಳದ ತೂತಿನಿಂದ ಚಿಮ್ಮಿ ಅವಳ ಮಡಿಲಿಗೇ ಸುರಿಯಿತು. ಥೂ ಎಂದುಕೊಂಡು ಹೆಬ್ಬೆರಳನ್ನು ತೂತಿಗೆ ಒತ್ತಿದಳು. ಮೊಳೆ ಹೊಡೆದ ಅಂಚು ಚುಚ್ಚಲಿಲ್ಲ. ಅದು ಸವೆದು ನುಣುಪಾಗಿತ್ತು. ಹನ್ನೊಂದು ವರ್ಷ ಅಲ್ಲಿ ಒಂದು ಹೆಬ್ಬೆರಳು ಕೂತಿತ್ತು. ಬಡಿಸಿದವಳು ಒಂದು ದಿನವೂ ನಿಂತು ನೋಡಿರಲಿಲ್ಲ.

ಹರಿಗೋಲು ಒಮ್ಮೆ ವಾಲಿತು. ಚಟ್ಟ ಅಂಚಿನ ಕಡೆ ಜಾರಿತು. ಕೆಂಪಾಜಮ್ಮ ಎಡಗೈಯಿಂದ ಅವನ ಪಾದ ಹಿಡಿದು ನಡುವಿಗೆ ಎಳೆದುಕೊಂಡಳು. ಬಲಗೈ ಮೊಗೆಯುತ್ತಲೇ ಇತ್ತು.

*

ಆಚೆ ದಡದಲ್ಲಿ ಮಿಕ್ಕವರು ಅರ್ಧ ಗಂಟೆ ತಡವಾಗಿ ಬಂದರು. ಚೆಲುವಯ್ಯನೂ ಬೈಕಿನಲ್ಲಿ ಬಂದಿದ್ದ. ಮಣ್ಣು ಎಳೆದು ಮುಗಿದ ಮೇಲೆ ಅವನು ಕವರಿನಿಂದ ಹೊಸ ಟವೆಲೊಂದನ್ನು ತೆಗೆದು, ಕೆಂಪಾಜಮ್ಮನ ಮುಂದೆ ಕಲ್ಲಿನ ಮೇಲಿಡಲು ಬಗ್ಗಿದ.

"ಕೈಗ್ ಕೊಡು," ಎಂದಳು ಅವಳು.

ಅವಳ ಕೈ ಮೊಣಕೈವರೆಗೆ ಕಂದಾಗಿತ್ತು. ಬೆರಳಿಗೆ ಯಾರದೋ ಮುಡಿಯ ಕೂದಲು ಸುತ್ತಿಕೊಂಡಿತ್ತು. ಚೆಲುವಯ್ಯ ಆ ಕೈಯನ್ನು ನೋಡಿದ. ಟವೆಲನ್ನು ಕಲ್ಲಿನ ಮೇಲೆಯೇ ಬಿಟ್ಟು, ಕರ್ಚೀಫು ಮೂಗಿಗೆ ತಂದು, ಬೈಕಿನ ಕಡೆ ನಡೆದ.

"ಅರಿಗೋಲ್ಗೆ ಬೆಂಕಿ ಆಕ್ಬುಡನಾ?" ಎಂದ ಚಿಕ್ಕಮಾದು.

"ಯಾಕೆ? ಇರ್ಲಿ. ಚೆಲುವಯ್ಯನ ಮನೇಲಿ ಇನ್ನೂ ಜನ ಅವ್ರೆ," ಎಂದು ಕೆಂಪಾಜಮ್ಮ ನೆಲಕ್ಕೆ ಉಗಿದಳು.

ನಾಗಯ್ಯ ಗಂಟನ್ನು ಗುಂಡಿಯ ಮೇಲೆ ಬಿಚ್ಚಿ ಸುರಿದ. ಚಾಪೆ, ದುಪ್ಪಟಿ, ಅಂಗಿ, ಚೊಂಬು.

"ಅತ್ಗೆ, ತಟ್ಟೆ?"

ಅವಳು ಆಗಲೇ ರಸ್ತೆಯ ಕಡೆ ಹೊರಟಿದ್ದಳು.

ಸಂಜೆ ಎಲ್ಲರೂ ಮಿಂದು ಬಂದ ಮೇಲೆ, ಪಕ್ಕದ ಮನೆಯವರು ಬೇಯಿಸಿ ಕಳಿಸಿದ ಅನ್ನ ಸಾರನ್ನು ರಾಣಿ ಪಡಸಾಲೆಯಲ್ಲಿ ಎಲೆ ಹಾಸಿ ಬಡಿಸಿದಳು. ಅವ್ವನ ಎಲೆಯ ಮುಂದೆ ಅವ್ವ ಇರಲಿಲ್ಲ. ಅನ್ನ ಸಾರಿನ ಪಾತ್ರೆ, ಸೌಟು ಹಿಡಿದು ಹುಡುಕಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದಳು.

ಕೆಂಪಾಜಮ್ಮ ಗೂಡಿನ ಕೆಳಗೆ, ಚಪ್ಪಡಿಯ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ತೊಳೆದ ತಟ್ಟೆ.

"ಅವ್ವ, ಅದ್ರಲ್ಲಾ?"

"ಬಡ್ಸು."

ರಾಣಿ ಬಾಗಿಲಲ್ಲೇ ನಿಂತು, ತಟ್ಟೆಗೆ ಸೌಟು ತಾಗದಂತೆ, ಮೇಲಿನಿಂದ ಅನ್ನ ಸಾರು ಬಿಟ್ಟಳು. ಕೆಂಪಾಜಮ್ಮ ತಲೆ ಎತ್ತಿ ಆ ಸೌಟನ್ನು ನೋಡಿದಳು. ಆಮೇಲೆ ಎಡಗೈ ಹೆಬ್ಬೆರಳನ್ನು ತೂತಿಗೆ ಒತ್ತಿಹಿಡಿದು, ಬಲಗೈಯಿಂದ ಅನ್ನ ಕಲಸತೊಡಗಿದಳು.